ಚಂದ್ರತಾಲ್‌ಗೂ ಕೋಡಿ ಇದೆ

ಹಿಮಾಚಲದ ಬೆಟ್ಟಗಳ ನಡುವಿನ ಚಂದ್ರತಾಲ್ ಕೆರೆಗೆ ಹೋಗಿ ಬಂದೆ ಅಂದ ತಕ್ಷಣ ಎಲ್ಲರೂ ಕೇಳಿದ್ದು ಒಂದೇ, ನೀರು ನಿಜವಾಗಲೂ ಅಷ್ಟು ನೀಲಿ ಇದೆಯಾ ಅಂತ. ಇದೆ. ಮೋಡ ಬಂದರೆ ಬೂದಿ, ಬಿಸಿಲು ಬಿದ್ದರೆ ಹಸಿರು, ಸಂಜೆಗೆ ಮಸಿ. ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಬಣ್ಣ ಅಲ್ಲ, ಕೋಡಿ.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ಮನಾಲಿಯಿಂದ ಅಟಲ್ ಸುರಂಗ ದಾಟಿ, ಗ್ರಾಂಫೂ ಮೇಲೆ ಬಾತಲ್. ಅದನ್ನು ರಸ್ತೆ ಅನ್ನುವುದು ಸುಮ್ನೆ ಮರ್ಯಾದೆಗೆ, ಕಲ್ಲು, ಕಲ್ಲಿನ ಮೇಲೆ ಹಳ್ಳ, ಹಳ್ಳದ ಮಧ್ಯೆ ಸಿಕ್ಕಿಕೊಂಡ ಯಾರದೋ ಕಾರು. ಬಾತಲ್ ಢಾಬಾದಲ್ಲಿ ಅನ್ನ, ರಾಜ್ಮಾ. ಮತ್ತೆ ಹದಿನಾಲ್ಕು ಕಿಲೋಮೀಟರ್. ಕೊನೆಯಲ್ಲಿ ಗಾಡಿ ಬಿಟ್ಟು ನಡೆಯಬೇಕು. 4,200 ಮೀಟರಿಗಿಂತ ಎತ್ತರ ಅಲ್ವಾ, ಆ ಚೂರು ದಾರಿಗೆ ನಾನು ನಾಲ್ಕು ಸಲ ಕೂತೆ.

ನಮ್ಮ ಕಡೆ ಕೆರೆ ಅಂದರೆ ಯಾರೋ ಕಟ್ಟಿಸಿದ್ದು. ಏರಿ ಇರುತ್ತದೆ, ತೂಬು ಇರುತ್ತದೆ, ಏರಿ ಮೇಲೆ ಒಂದು ಗುಡಿ. ಇಲ್ಲಿ ಕಟ್ಟಿದ್ದು ಹಿಮನದಿ. ಮಂಜುಗಡ್ಡೆ ಸಾವಿರಾರು ವರ್ಷ ಬೆಟ್ಟವನ್ನು ಕೆರೆದುಕೊಂಡು ಇಳಿಯುತ್ತದೆ, ಹಿಂದೆ ಸರಿಯುವಾಗ ತಂದಿದ್ದ ಕಲ್ಲು ಮಣ್ಣನ್ನೆಲ್ಲ ರಾಶಿ ಹಾಕಿ ಹೋಗುತ್ತದೆ, ಉಳಿದ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಸುತ್ತಲಿನ ದಿಬ್ಬಗಳಲ್ಲಿ ಹಿಟ್ಟಿನಂಥ ಪುಡಿಯೂ ಇದೆ, ಆನೆ ಗಾತ್ರದ ಬಂಡೆಯೂ ಇದೆ, ಜರಡಿ ಹಿಡಿಯದೆ ಸುರಿದ ಹಾಗೆ.

ಅರ್ಧಚಂದ್ರನ ಆಕಾರ ಅಂತ ಈ ಹೆಸರು. ದಡದಲ್ಲಿ ನಿಂತರೆ ಯಾವ ಚಂದ್ರನೂ ಕಾಣುವುದಿಲ್ಲ, ಗುಡ್ಡ ಹತ್ತಬೇಕು. ನನಗೆ ತಲೆ ಸಿಡಿಯುತ್ತಿತ್ತು, ಹತ್ತಲಿಲ್ಲ. ನೀರಲ್ಲಿ ಬಿಳಿ ಗೆರೆಯ ಕಲ್ಲೊಂದು ಕಂಡಿತು, ಗೇಣುದ್ದ ಆಳ ಅಂದುಕೊಂಡು ಕೈ ಹಾಕಿದೆ. ಸ್ವೆಟರ್ ತೋಳು ಭುಜದವರೆಗೂ ನೆನೆಯಿತು, ಕಲ್ಲು ಸಿಗಲಿಲ್ಲ. ಬೆರಳು ಮತ್ತೆ ನನ್ನದಾಗಲು ಹತ್ತು ನಿಮಿಷ ಬೇಕಾಯಿತು. ಈಜಲು ಬಿಡುವುದಿಲ್ಲ, ಬಿಟ್ಟಿದ್ದರೂ ಯಾರು ಇಳಿಯುತ್ತಾರೆ ಮಹರಾಯ! 2005ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಜಾಗ. ಟೆಂಟುಗಳೆಲ್ಲ ದೂರದಲ್ಲಿವೆ, ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ದಡದಲ್ಲಿ ಮ್ಯಾಗಿ ಅಂಗಡಿ ಸಾಲು ಇರುತ್ತಿತ್ತು.

ಒಳಗೆ ಬರುವ ಹಳ್ಳ ನನಗೆಲ್ಲೂ ಕಾಣಲಿಲ್ಲ. ಹಿಮ ಕರಗಿ ನೆಲದೊಳಗಿಂದಲೇ ಬರುತ್ತದೆ ಅಂದ ನಮ್ಮ ಡ್ರೈವರ್. ಹೊರಗೆ ಹೋಗುವುದನ್ನು ಮಾತ್ರ ಕಣ್ಣಾರೆ ಕಂಡೆ. ಒಂದು ಕಡೆ ದಡ ತಗ್ಗಾಗಿ, ನೀರು ಕಲ್ಲುಗಳ ಮಧ್ಯೆ ಸದ್ದಿಲ್ಲದೆ ಜಾರಿ ಕೆಳಗಿನ ಚಂದ್ರಾ ನದಿಯ ಕಡೆ ಹೊರಟಿತ್ತು. ಚಂದ್ರಾ ತಾಂಡಿಯಲ್ಲಿ ಭಾಗಾ ನದಿಯನ್ನು ಸೇರುತ್ತದೆ, ಎರಡೂ ಕೂಡಿ ಚಿನಾಬ್.

ಎರಡು ದಿನದ ಮೇಲೆ ಕಾಜಾದಲ್ಲಿ ನೆಟ್‌ವರ್ಕ್ ಸಿಕ್ಕಾಗ ಅಪ್ಪನಿಗೆ ಫೋನ್ ಮಾಡಿದೆ. ಕೆರೆ ಅಂದರೆ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ಕೋಡಿ ಬಿದ್ದಿದೆಯೇನೋ?"

"ಬಿದ್ದಿದೆ ಅಪ್ಪ."

"ಎಷ್ಟು ಎಕರೆಗೆ ಹಾಯುತ್ತೆ?"

"ಅಲ್ಲಿ ಒಂದು ಗುಂಟೆಗೂ ಇಲ್ಲ. ಮುಂದೆ ಪಾಕಿಸ್ತಾನದ ಪಂಜಾಬಿನಲ್ಲಿ ಲಕ್ಷಗಟ್ಟಲೆ ಎಕರೆ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಮ್ಮ ಕಡೆ ಇನ್ನೂ ಮಳೆ ಹಿಡಿದಿಲ್ಲ ಕಣೋ" ಅಂದರು.