ಸೌತ್ ಸಿಡ್ನಿಯ ಗಟ್ಟಿಪಿಂಡ ಯಾರು?

ರಗ್ಬಿ ಲೀಗ್‌ನ ಸೌತ್ ಸಿಡ್ನಿ ಕ್ಲಬ್ಬಿನ ಗಟ್ಟಿಗರ ಚರ್ಚೆ ಕೊನೆಗೆ ಮೂವರ ಬಳಿ ಬಂದು ನಿಲ್ಲುತ್ತದೆ. 1955ರಲ್ಲಿ ಸಿಡ್ನಿಯದೇ ಇನ್ನೊಂದು ಕ್ಲಬ್ ಮ್ಯಾನ್ಲಿ ವಿರುದ್ಧ ಕ್ಲೈವ್ ಚರ್ಚಿಲ್ ಮುರಿದ ಕೈಗೆ ರಟ್ಟು ಕಟ್ಟಿಕೊಂಡೇ ಆಡಿ, ಗೆಲುವಿನ ಗೋಲನ್ನೂ ಒದ್ದರು. 2014ರ ಫೈನಲ್‌ನಲ್ಲಿ ಸ್ಯಾಮ್ ಬರ್ಜೆಸ್ ಮೊದಲ ಡಿಕ್ಕಿಗೇ ಕೆನ್ನೆಮೂಳೆ ಮುರಿದುಕೊಂಡರೂ ಪಂದ್ಯಶ್ರೇಷ್ಠ ಪದಕ ಗೆದ್ದರು. ಆ ಪದಕಕ್ಕೂ ಚರ್ಚಿಲ್ ಹೆಸರೇ, ನೋಡಿ!

ನನ್ನ ಮತ ಮಾತ್ರ ಜಾನ್ ಸ್ಯಾಟ್ಲರ್‌ಗೆ. 1970ರ ಫೈನಲ್‌ನಲ್ಲಿ, ಅದೇ ಮ್ಯಾನ್ಲಿ ಎದುರು, ಮೊದಲ 10 ನಿಮಿಷದೊಳಗೇ ದವಡೆ ಮುರಿಯಿತು. ಉಳಿದ 70 ನಿಮಿಷವೂ ಆಡಿದರು. ತಂಡ 23-12ರಿಂದ ಗೆದ್ದಿತು. ಸ್ಯಾಟ್ಲರ್ ಪ್ರಾಪ್, ಅಂದರೆ ಮುಂಚೂಣಿ ಸಾಲಿನ ಆಟಗಾರ; ಆ ಸ್ಥಾನದವರ ಕೆಲಸವೇ ಭುಜ ಕೊಟ್ಟು ನುಗ್ಗುವುದು. ಹಲ್ಲು ಕಚ್ಚಿ ಕುತ್ತಿಗೆ ಬಿಗಿಹಿಡಿಯದಿದ್ದರೆ ಪ್ರತಿ ಟ್ಯಾಕಲ್‌ನ ಪೆಟ್ಟೂ ನೇರ ತಲೆಗೇ. ಕೈಗಾದರೆ ರಟ್ಟು ಕಟ್ಟಬಹುದು, ದವಡೆಗೆ ಏನು ಕಟ್ಟುತ್ತೀರಿ?