ಕಟ್ಟನ್ನು ಮಗುವೇ ಬಿಚ್ಚಬೇಕು

52ರಲ್ಲಿ 27 ಕಳೆಯಿರಿ ಎಂದರೆ ಹಲವು ಮಕ್ಕಳು 35 ಎಂದು ಬರೆಯುತ್ತಾರೆ. ಎರಡರಲ್ಲಿ ಏಳು ಹೋಗದು, ಅದಕ್ಕೆ ಏಳರಲ್ಲೇ ಎರಡು ಕಳೆದಿರುತ್ತಾರೆ. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಬೋರ್ಡಿನ ಮುಂದೆ ನಿಂತು ಎಷ್ಟು ಹೇಳಿದರೂ ಈ ತಪ್ಪು ಹೋಗುವುದು ಕಷ್ಟ. ಸಾಲವಾದರೆ ತೀರಿಸಬೇಕಲ್ಲ, ಇಲ್ಲಿ ಯಾರೂ ತೀರಿಸುವುದಿಲ್ಲ. ನಿಜಕ್ಕೂ ನಡೆಯುವುದು ಹತ್ತರ ಕಟ್ಟು ಬಿಚ್ಚುವ ಕೆಲಸ. ‘ಬಿಚ್ಚು’ ಎಂದೇ ಹೇಳಿ, ಕೈಯಲ್ಲೇ ಮಾಡಿಸಿ.

ತೆಂಗಿನ ಪೊರಕೆ ಕಡ್ಡಿ ಸಾಕು. ಬುಡದ ಕಡೆಯದನ್ನು ಮಾತ್ರ 8 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಚೂಪನ್ನು ನೆಲಕ್ಕೆ ಉಜ್ಜಿ. ತುದಿಯ ತೆಳು ಕಡ್ಡಿ ಬೆರೆತರೆ ಕಟ್ಟುಗಳ ಗಾತ್ರ ಬೇರೆಬೇರೆಯಾಗಿ, ದಪ್ಪ ಕಟ್ಟಿನಲ್ಲಿ ಹೆಚ್ಚಿದೆ ಎಂದು ಮಕ್ಕಳು ತಿಳಿಯುತ್ತಾರೆ. ಐದು ಮಕ್ಕಳ ಗುಂಪಿಗೆ 110 ಕಡ್ಡಿ: ಒಂಬತ್ತು ಕಟ್ಟು, ಇಪ್ಪತ್ತು ಬಿಡಿ. ಅಂಗಡಿಯ ರಬ್ಬರ್ ಬ್ಯಾಂಡ್ ಬೇಸಿಗೆಯಲ್ಲಿ ಅಂಟಂಟಾಗಿ ಹರಿಯುತ್ತದೆ. ಹಳೇ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿಕೊಂಡರೆ ಬಾಳಿಕೆ ಬರುತ್ತದೆ. ಕಟ್ಟುವುದೂ ಮಕ್ಕಳೇ. ತಾನೇ ಎಣಿಸಿ ಕಟ್ಟಿದರೆ ಒಳಗೆ ಹತ್ತಿದೆ ಎಂಬ ನಂಬಿಕೆ ಮಗುವಿಗಿರುತ್ತದೆ. ಹನ್ನೊಂದರ ಕಟ್ಟೊಂದು ಸೇರಿದರೂ ಲೆಕ್ಕವೆಲ್ಲ ಕೆಡುತ್ತದೆ, ಪಕ್ಕದ ಮಗುವಿಗೆ ಕೊಟ್ಟು ಇನ್ನೊಮ್ಮೆ ಎಣಿಸಿ ನೋಡಲು ಹೇಳಿ.

ಈಗ ಐದು ಕಟ್ಟು, ಎರಡು ಬಿಡಿ ಇಡಿಸಿ. 27 ಚೀಟಿಯಲ್ಲಿ ಮಾತ್ರ ಇರಲಿ. ಅದನ್ನೂ ಕಡ್ಡಿಯಲ್ಲಿ ಜೋಡಿಸಿದರೆ ಮಕ್ಕಳು ಎರಡನ್ನೂ ಕೂಡಿಸಿಬಿಡುತ್ತಾರೆ. ಏಳು ಬಿಡಿ ಕೊಡು ಎಂದಾಗ ಸಿಗದು. ಮಗು ಒಂದು ಕಟ್ಟು ಬಿಚ್ಚುತ್ತದೆ. ನಾಲ್ಕು ಕಟ್ಟು, ಹನ್ನೆರಡು ಬಿಡಿ. ಇಲ್ಲಿ ಅವಸರ ಬೇಡ. ‘ಈಗ ಒಟ್ಟು ಎಷ್ಟು?’ ಎಂದು ಕೇಳಿ. ಕೆಲವರು 42 ಎನ್ನುತ್ತಾರೆ, ಕೆಲವರು ಮೊದಲಿಂದ ಎಣಿಸುತ್ತಾರೆ. ಎಣಿಸಲಿ ಬಿಡಿ. ಇನ್ನೂ 52 ಇದೆ ಎಂದು ತಾವೇ ಕಂಡುಕೊಂಡ ಮೇಲೆಯೇ ಏಳು ಬಿಡಿ, ಎರಡು ಕಟ್ಟು ತೆಗೆಸಿ. ಉಳಿದದ್ದು 25. ಬರವಣಿಗೆ ಜೊತೆಜೊತೆಗೇ ನಡೆಯಬೇಕು: ಕಟ್ಟು ಬಿಚ್ಚಿದ ಕ್ಷಣವೇ 5 ಹೊಡೆದು 4, ಬಿಡಿಯ ಮನೆಯಲ್ಲಿ 12. ಕಡ್ಡಿ ಇವತ್ತು, ಪುಸ್ತಕ ನಾಳೆ ಎಂದರೆ ಎರಡಕ್ಕೂ ನಂಟು ಬೆಳೆಯುವುದಿಲ್ಲ.

ಕೆಂಪು ಮಣಿ ಎಂದರೆ ಹತ್ತು ಎನ್ನುವ ಸಾಮಗ್ರಿ ಮೊದಲಿಗೇ ಬೇಡ. ಮಣಿಯನ್ನು ಬಿಚ್ಚಲು ಆಗುವುದಿಲ್ಲ.

302ರಲ್ಲಿ 145 ಕಳೆಯುವ ಲೆಕ್ಕ ಬಂದಾಗ ಮೂರು ಗುಂಪುಗಳ ಕಡ್ಡಿ ಸೇರಿಸಿ, ಹತ್ತು ಕಟ್ಟುಗಳನ್ನು ಲಾಡಿಯಿಂದ ಕಟ್ಟಿ ನೂರರ ಹೊರೆ ಮಾಡಿಸಿ. ಮೊದಲು ಒಂದು ಹೊರೆ, ಆಮೇಲೆ ಅದರೊಳಗಿನ ಒಂದು ಕಟ್ಟು ಬಿಚ್ಚಬೇಕು. ಸೊನ್ನೆಯ ತಲೆಯ ಮೇಲೆ 9 ಎಲ್ಲಿಂದ ಬಂತು ಎಂದು ಆಗ ಕೇಳಿ. ಮಗು ಮುಂದೆ ಬಿದ್ದಿರುವ ಒಂಬತ್ತು ಕಟ್ಟುಗಳನ್ನು ತೋರಿಸುತ್ತದೆ.