ಲೇಸರ್ ಆಗಬಾರದ ಡಯೋಡ್

ನಮ್ಮ ಕಾಲೇಜಿನ ಫೋಟಾನಿಕ್ಸ್ ಲ್ಯಾಬಿನಲ್ಲಿ ಲೇಸರ್ ಡಯೋಡ್‌ಗಳಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಎಸ್‌ಎಲ್‌ಡಿಗೆ, ಅಂದರೆ ಸೂಪರ್‌ಲ್ಯೂಮಿನೆಸೆಂಟ್ ಡಯೋಡ್‌ಗೆ. ಬೆಂಗಳೂರಿನ ಕಣ್ಣಾಸ್ಪತ್ರೆಗಳಲ್ಲಿ ಗಲ್ಲ ಊರಿಸಿ ಕೂರಿಸಿ ರೆಟಿನಾದ ಪದರ ತೋರಿಸುತ್ತಾರಲ್ಲ, ಆ ಒಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಯಂತ್ರಗಳಲ್ಲಿ ಬಹಳಷ್ಟರ ಒಳಗಿನ ಬೆಳಕು ಇದರದೇ. ಈ ಯಂತ್ರ ಬೆಳಕನ್ನು ಎರಡಾಗಿ ಸೀಳಿ ಒಂದನ್ನು ಸ್ಯಾಂಪಲ್ ಕಡೆಗೂ ಇನ್ನೊಂದನ್ನು ರೆಫರೆನ್ಸ್ ಕನ್ನಡಿಯ ಕಡೆಗೂ ಕಳಿಸಿ, ಮರಳಿ ಬಂದದ್ದನ್ನು ಕೂಡಿಸಿ ಆಳ ಅಳೆಯುತ್ತದೆ. 1991ರಲ್ಲಿ ಎಂಐಟಿಯ ಫ್ಯೂಜಿಮೋಟೊ ತಂಡ ಒಸಿಟಿಯನ್ನು ಮೊದಲು ತೋರಿಸಿದಾಗಲೂ ಬಳಸಿದ್ದು ಎಸ್‌ಎಲ್‌ಡಿಯನ್ನೇ.

ಆಳವನ್ನು ಬೇರ್ಪಡಿಸಿ ನೋಡಲು ಬೆಳಕಿನ ಬ್ಯಾಂಡ್‌ವಿಡ್ತ್, ಅಂದರೆ ಅದರಲ್ಲಿರುವ ತರಂಗಾಂತರಗಳ ಹರವು, ಅಗಲವಾಗಿರಬೇಕು. ಬೇರೆಬೇರೆಯಾಗಿ ಕಾಣುವ ಕನಿಷ್ಠ ಅಂತರದ ಲೆಕ್ಕ ಸುಲಭ: ತರಂಗಾಂತರದ ವರ್ಗವನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿ 0.44ರಿಂದ ಗುಣಿಸಿ. 840 ನ್ಯಾನೋಮೀಟರಿಗೆ 50 ನ್ಯಾನೋಮೀಟರ್ ಅಗಲವಿದ್ದರೆ ಗಾಳಿಯಲ್ಲಿ ಸುಮಾರು 6 ಮೈಕ್ರಾನ್, ಅಂಗಾಂಶದಲ್ಲಿ ನಾಲ್ಕೂವರೆ. ಆದರೆ ಅಗಲವೊಂದನ್ನೇ ನೋಡಿ ಮರುಳಾಗಬಾರದು. ಎರಡು ಎಸ್‌ಎಲ್‌ಡಿ ಜೋಡಿಸಿ 100 ನ್ಯಾನೋಮೀಟರ್ ಮಾಡಿದರೂ ಸ್ಪೆಕ್ಟ್ರಂ ನಡುವೆ ಗುಂಡಿ ಬಿದ್ದರೆ ಪ್ರತಿ ಪದರದ ಅಕ್ಕಪಕ್ಕ ಸುಳ್ಳು ಗೆರೆ ಏಳುತ್ತದೆ. ನನ್ನ ಮಟ್ಟಿಗೆ ನಯವಾದ 50 ವಾಸಿ.

ಡಯೋಡಿನ ಚಿಪ್‌ನೊಳಗಿನ ಗೇನ್, ಅಂದರೆ ಬೆಳಕನ್ನು ಬೆಳೆಸುವ ಗುಣ, ಲೇಸರಿನದೇ; ತುದಿಗಳಲ್ಲಿ ಕನ್ನಡಿ ಮಾತ್ರ ಇರಬಾರದು, ಇದ್ದರೆ ಲೇಸರೇ ಆಗಿಬಿಡುತ್ತದೆ. ಅದಕ್ಕೇ ವೇವ್‌ಗೈಡನ್ನು (ಚಿಪ್‌ನಲ್ಲಿ ಬೆಳಕು ಹರಿಯುವ ದಾರಿ) ತುದಿಯ ಮುಖಕ್ಕೆ ಸುಮಾರು 7 ಡಿಗ್ರಿ ಓರೆಯಾಗಿಸಿ, ಮೇಲೆ ಪ್ರತಿಫಲನ ತಡೆಯುವ ಲೇಪ ಕೊಡುತ್ತಾರೆ. ಆದರೂ ಉಳಿಯುವ ಚೂರು ಪ್ರತಿಫಲನದಿಂದ ಸ್ಪೆಕ್ಟ್ರಂ ಮೇಲೆ ರಿಪಲ್, ಅಂದರೆ ಸಣ್ಣ ಅಲೆ, ಬರುತ್ತದೆ. ಚಿಪ್ 1 ಮಿಲಿಮೀಟರ್ ಉದ್ದವಿದ್ದರೆ ರಿಪಲ್‌ನ ಅಂತರ ಸುಮಾರು 0.1 ನ್ಯಾನೋಮೀಟರ್. ಸ್ಪೆಕ್ಟ್ರಂ ಅಳೆಯುವ ಅನಲೈಜರಿನ ರೆಸಲ್ಯೂಶನ್ 1 ನ್ಯಾನೋಮೀಟರಿಗೆ ಇಟ್ಟವರಿಗೆ ಗೆರೆ ನುಣ್ಣಗೆ ಕಾಣುತ್ತದೆ, ಖುಷಿಯಾಗಿ ಮುಂದೆ ಹೋಗುತ್ತಾರೆ. ಆಮೇಲೆ ಚಿತ್ರದಲ್ಲಿ ನಿಜವಾದ ಪದರದಿಂದ ಮೂರೂವರೆ ಮಿಲಿಮೀಟರ್ ಆಚೆ ಅದರದೇ ಭೂತ ನಿಂತಿರುತ್ತದೆ. 0.02ಕ್ಕೆ ಇಳಿಸಿ ನೋಡದೆ ಯಾವ ಎಸ್‌ಎಲ್‌ಡಿಯನ್ನೂ ಪಾಸು ಮಾಡಬೇಡಿ.

ಹೊರಗಿನ ಪ್ರತಿಫಲನ ಇನ್ನೂ ಕೆಟ್ಟದ್ದು. ಚಪ್ಪಟೆ ಫೈಬರ್ ತುದಿಯಿಂದ ಶೇ. 4ರಷ್ಟು ಬೆಳಕು ಹಿಂದಕ್ಕೆ ಬರುತ್ತದೆ. ಅದು ಚಿಪ್‌ನೊಳಗೆ ನೂರಾರು ಪಟ್ಟು ಬೆಳೆದು ಹಿಂಬದಿಯ ಮುಖವನ್ನೇ ಸುಟ್ಟುಬಿಡಬಹುದು. ಆದ್ದರಿಂದಲೇ ಲ್ಯಾಬಿನಲ್ಲಿ 8 ಡಿಗ್ರಿ ಓರೆ ಕತ್ತರಿಸಿದ ಹಸಿರು ಎಪಿಸಿ ಕನೆಕ್ಟರ್ ಮಾತ್ರ. ಓರೆಯಿಲ್ಲದ ನೀಲಿಯದಕ್ಕೆ ಜೋಡಿಸಿದವರಿಗೆ ಮೇಷ್ಟ್ರಿಂದ ಬೈಗುಳ ಗ್ಯಾರಂಟಿ. ಉರಿಯುತ್ತಿರುವಾಗ ಕನೆಕ್ಟರ್ ಬಿಚ್ಚುವಂತಿಲ್ಲ. ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಹಾಕುವುದಾದರೆ ಅದರ ಬ್ಯಾಂಡ್ ಮೊದಲು ನೋಡಿ, ಕಿರಿದಾಗಿದ್ದರೆ ಸ್ಪೆಕ್ಟ್ರಂನ ಎರಡು ಅಂಚನ್ನೂ ಕತ್ತರಿಸುತ್ತದೆ.

ಆನ್ ಮಾಡುವ ಕ್ರಮ: ಕೈಗೆ ಅರ್ಥಿಂಗ್ ಪಟ್ಟಿ (ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಇದನ್ನು ಮರೆಯಲೇಬಾರದು), ಡ್ರೈವರಿನಲ್ಲಿ ಕರೆಂಟ್ ಮಿತಿ, ಆಮೇಲೆ ಡಯೋಡನ್ನು ತಂಪಾಗಿಡುವ ಟಿಇಸಿ (ಥರ್ಮೋಎಲೆಕ್ಟ್ರಿಕ್) ಕೂಲರ್. ತಾಪ ಅಳೆಯುವ ಥರ್ಮಿಸ್ಟರ್ 10 ಕಿಲೋ ಓಮ್‌ಗೆ, ಅಂದರೆ 25 ಡಿಗ್ರಿಗೆ, ಬಂದು ನಿಂತ ಮೇಲೆ ಕರೆಂಟನ್ನು ನಿಧಾನಕ್ಕೆ ಏರಿಸಿ. ಆಫ್ ಮಾಡುವಾಗ ಇದೇ ಕ್ರಮ ತಲೆಕೆಳಗು. ಯುಪಿಎಸ್‌ಗೆ ಡ್ರೈವರನ್ನಷ್ಟೇ ಹಾಕಿ ಕೂಲರನ್ನು ಗೋಡೆಯ ಪ್ಲಗ್ಗಿಗೆ ಬಿಟ್ಟರೆ, ಕರೆಂಟ್ ಹೋದಾಗ ಡಯೋಡ್ ಉರಿಯುತ್ತಲೇ ಬಿಸಿಯೇರುತ್ತದೆ. ಎರಡಕ್ಕೂ ಒಂದೇ ಯುಪಿಎಸ್ ಇರಲಿ. 840ರ ಬೆಳಕು ಕಣ್ಣಿಗೆ ಮಂದ ಕೆಂಪಾಗಿ ಕಂಡರೂ ಬರುವ ಶಕ್ತಿ ಪೂರ್ತಿಯದೇ, ಫೈಬರ್ ತುದಿಗೆ ಇಣುಕಬೇಡಿ.

ಎಲ್ಲ ಸರಿಯಿದ್ದೂ ಪದರಗಳು ದಪ್ಪವಾಗಿ ಕಂಡರೆ ಡಯೋಡನ್ನು ಬೈಯಬೇಡಿ. ಸ್ಯಾಂಪಲ್ ಕಡೆ ಲೆನ್ಸಿನ ಗಾಜು ಎಷ್ಟಿದೆಯೋ ಅಷ್ಟೇ ಗಾಜು ರೆಫರೆನ್ಸ್ ಕಡೆಗೂ ಇದೆಯೇ ಎಂದು ನೋಡಿ.